ಎದೆ ಕೇಳಿದೆ, ಮೂಗು ನೋಡಲಿಲ್ಲ: ಆಸ್ತಮಾ ಇದ್ದ ಒಂಬತ್ತು ವರ್ಷದ ಹುಡುಗನ ಪ್ರಕರಣ

ಹುಡುಗನಿಗೆ ಆಗ ಒಂಬತ್ತು ವರ್ಷ. ತೂಕ 26 ಕೆಜಿ. ಐದನೇ ವಯಸ್ಸಿನಿಂದ ಆಸ್ತಮಾ. ನನ್ನ ಬಳಿ ಬರಲು ಶುರು ಮಾಡಿ ಹತ್ತು ತಿಂಗಳಾಗಿತ್ತು. ಅಷ್ಟರಲ್ಲಿ ಅವನ ಬುಡೆಸೊನೈಡ್ ಎಂಬ ಸ್ಟಿರಾಯ್ಡ್ ಇನ್‌ಹೇಲರ್ ದಿನಕ್ಕೆ 200 ಮೈಕ್ರೋಗ್ರಾಂ ಇದ್ದದ್ದನ್ನು 400ಕ್ಕೆ ಏರಿಸಿದ್ದೆ. ಆದರೂ ಮೂರು ಸಲ ಉಸಿರು ಕಟ್ಟಿಕೊಂಡು ನೆಬ್ಯುಲೈಸರ್ ಹಾಕಬೇಕಾಯಿತು. ವಾರದಲ್ಲಿ ನಾಲ್ಕೈದು ರಾತ್ರಿ ಕೆಮ್ಮು. ಆಟಕ್ಕೆ ಹೋದರೆ ಹತ್ತು ನಿಮಿಷಕ್ಕೆ ವಾಪಸ್ ಬಂದು ಕೂರುತ್ತಿದ್ದ.

ಇಂಥ ಮಗು ಬಂದಾಗ ಮಕ್ಕಳ ಡಾಕ್ಟರ್ ಮೊದಲು ನೋಡುವುದು ಎರಡು ವಿಷಯ. ಔಷಧಿ ದಿನಾ ತಗೊಳ್ತಿದ್ದಾನಾ? ಸರಿಯಾಗಿ ತಗೊಳ್ತಿದ್ದಾನಾ? ಆಸ್ತಮಾ ಹತೋಟಿಗೆ ಬರದಿರಲು ಬಹಳ ಸಲ ಈ ಎರಡರಲ್ಲೇ ಕಾರಣ ಸಿಗುತ್ತದೆ. ಇಲ್ಲಿ ಸಿಗಲಿಲ್ಲ. ಇನ್‌ಹೇಲರ್ ಹಿಂದಿನ, ಉಳಿದ ಡೋಸ್ ತೋರಿಸುವ ಅಂಕಿ ನೋಡಿದೆ, ದಿನದ ಲೆಕ್ಕಕ್ಕೆ ಸರಿಯಾಗಿತ್ತು. ಎದುರಿಗೇ ತೆಗೆದುಕೊಳ್ಳಲು ಹೇಳಿದೆ. ಅಲ್ಲಾಡಿಸಿದ, ಔಷಧಿ ಹಿಡಿದಿಡುವ ಕೊಳವೆಯಾದ ಸ್ಪೇಸರ್‌ಗೆ ಸಿಕ್ಕಿಸಿದ, ತುಟಿ ಬಿಗಿ ಮಾಡಿದ, ಒತ್ತಿದ, ನಿಧಾನಕ್ಕೆ ಎಳೆದುಕೊಂಡ, ಹತ್ತರವರೆಗೆ ಉಸಿರು ಹಿಡಿದ. ದೊಡ್ಡವರಿಗಿಂತ ಚೆನ್ನಾಗಿ ಮಾಡಿದ.

ಹಾಗಾದರೆ ಔಷಧಿಯನ್ನು ಇನ್ನೊಂದು ಮೆಟ್ಟಿಲು ಏರಿಸುವುದೇ ದಾರಿ ಅಂದುಕೊಂಡು ಚೀಟಿ ಬರೆಯಲು ಕೂತೆ. ಆಗ ಅಕಸ್ಮಾತ್ ತಲೆ ಎತ್ತಿದೆ. ಹುಡುಗ ಅಂಗೈಯನ್ನು ಮೂಗಿನ ತುದಿಗೆ ಒತ್ತಿ ಕೆಳಗಿನಿಂದ ಮೇಲಕ್ಕೆ ಜೋರಾಗಿ ಉಜ್ಜಿಕೊಂಡ. ಅರ್ಧ ನಿಮಿಷಕ್ಕೆ ಮತ್ತೆ ಹಾಗೇ. ಬಾಯಿ ಸ್ವಲ್ಪ ತೆರೆದೇ ಇತ್ತು. ಹತ್ತಿರ ಹೋಗಿ ನೋಡಿದರೆ, ಮೂಗಿನ ಮೆತ್ತನೆಯ ಭಾಗ ಶುರುವಾಗುವ ಕಡೆ ಅಡ್ಡಕ್ಕೆ ಒಂದು ಸಣ್ಣ ಬಿಳಿ ಗೆರೆ.

ಆ ಗೆರೆ ಒಂದು ದಿನದಲ್ಲಿ ಮೂಡುವುದಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಚರ್ಮ ಮಡಿಚಿಕೊಂಡು ಬರುವಂಥದ್ದು. ಹೀಗೆ ಉಜ್ಜುವುದಕ್ಕೆ ವೈದ್ಯರ ಮಾತಿನಲ್ಲಿ 'ಅಲರ್ಜಿಕ್ ಸಲ್ಯೂಟ್' ಎಂದೇ ಹೆಸರಿದೆ. ಹತ್ತು ತಿಂಗಳಿಂದ ಆ ಗೆರೆ ನನ್ನ ಕಣ್ಣೆದುರಿಗೇ ಇತ್ತು. ಪ್ರತಿ ಸಲ ಅವನ ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದೆ. ಮೂಗಿನೊಳಗೆ ಒಮ್ಮೆಯೂ ಟಾರ್ಚ್ ಬಿಟ್ಟಿರಲಿಲ್ಲ. ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ. ಮಗುವಿನ ಗುರುತು ಹತ್ತುವ ವಿವರಗಳನ್ನು ಬಿಟ್ಟಿದ್ದೇನೆ.

ಮೂರು ಫೈಲು, ಒಂದೇ ಮಗು

ಟಾರ್ಚ್ ಬಿಟ್ಟು ನೋಡಿದೆ. ಮೂಗಿನೊಳಗಿನ ಪದರ ಗುಲಾಬಿ ಬಣ್ಣ ಇರಬೇಕಿತ್ತು. ಮಾಸಲು ನೀಲಿ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಎರಡೂ ಹೊಳ್ಳೆ ಮುಕ್ಕಾಲು ಮುಚ್ಚಿಹೋಗಿದ್ದವು. ಗಂಟಲಿನ ಹಿಂಭಾಗದಲ್ಲಿ ಸಿಂಬಳ ಇಳಿಯುತ್ತಿತ್ತು. ಕಣ್ಣ ಕೆಳಗೆ ಕಪ್ಪು ನೆರಳು. ನಿದ್ದೆಗೆಟ್ಟ ಕಪ್ಪಲ್ಲ ಅದು, ಮೂಗು ಕಟ್ಟಿದ್ದರಿಂದ ಅಲ್ಲಿನ ರಕ್ತ ಸರಾಗವಾಗಿ ಹರಿಯದೆ ಬರುವ ಕಪ್ಪು. ಅಂಗಿ ತೋಳು ಮೇಲಕ್ಕೆತ್ತಿದೆ. ಮೊಣಕೈ ಒಳಮಡಿಕೆಯಲ್ಲಿ ಚರ್ಮ ದಪ್ಪಗಾಗಿ, ಒರಟಾಗಿ, ಗೀರು ಗಾಯಗಳಿಂದ ತುಂಬಿತ್ತು. ಮಂಡಿಯ ಹಿಂದೆಯೂ ಹಾಗೇ.

"ಇದು ಯಾವಾಗಿಂದ ಅಮ್ಮಾ?"

"ಕಜ್ಜಿನಾ? ಅದು ಹುಟ್ಟಿದಾಗಿಂದ ಇದೆ ಡಾಕ್ಟ್ರೇ. ಅದಕ್ಕೆ ಚರ್ಮದ ಡಾಕ್ಟ್ರ ಹತ್ರ ತೋರಿಸ್ತಾ ಇದ್ದೀವಿ."

"ಮೂಗು?"

"ಶೀತ ಅಲ್ವಾ ಅದು? ಇವನಿಗೆ ಯಾವಾಗ್ಲೂ ಶೀತ. ಅದಕ್ಕೊಂದು ಸಿರಪ್ ಇದೆ."

ಅವರ ಚೀಲದಲ್ಲಿ ಮೂರು ಫೈಲುಗಳಿದ್ದವು. ಚರ್ಮಕ್ಕೊಂದು, ಕಿವಿ-ಮೂಗು-ಗಂಟಲಿಗೆ ಒಂದು, ಆಸ್ತಮಾಗೆ ನನ್ನದು. ಮೊದಲೆರಡನ್ನು ನಾನು ಕೇಳಿರಲಿಲ್ಲ, ಅವರು ಕೊಟ್ಟಿರಲಿಲ್ಲ. ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು ಓದಿದೆವು. ನಾಲ್ಕನೇ ತಿಂಗಳಲ್ಲಿ ಕೆನ್ನೆ ಕೆಂಪಾಗಿ ನೀರು ಒಸರುತ್ತಿತ್ತು. ಮೂರನೇ ವರ್ಷದಿಂದ ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು. ಐದಕ್ಕೆ ಉಬ್ಬಸ.

ಫೈಲಿನಲ್ಲಿ ಇಲ್ಲದ ಒಂದು ಸಂಗತಿಯೂ ಇತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. "ಯಾವುದಾದರೂ ತಿಂಡಿ ಆಗಿಬರಲ್ವಾ?" ಎಂದು ಕೇಳಿದೆ. ಒಂದೂವರೆ ವರ್ಷದವನಿದ್ದಾಗ ಒಂದು ಚೂರು ಕಡಲೆಕಾಯಿ ತಿಂದು ಹತ್ತೇ ನಿಮಿಷಕ್ಕೆ ತುಟಿ ಊದಿ, ಮೈಯೆಲ್ಲಾ ದದ್ದು ಎದ್ದು, ಎರಡು ಸಲ ವಾಂತಿ ಮಾಡಿಕೊಂಡಿದ್ದನಂತೆ. ಆಮೇಲಿಂದ ಮನೆಯಲ್ಲಿ ಕೊಟ್ಟಿಲ್ಲ. "ಮೊದಲೇ ಯಾಕೆ ಹೇಳಲಿಲ್ಲ?" ಅಂದೆ. "ಆಸ್ತಮಾಗೂ ಕಡಲೆಕಾಯಿಗೂ ಏನು ಸಂಬಂಧ ಅಂತ ಹೇಳಲಿಲ್ಲ ಡಾಕ್ಟ್ರೇ" ಎಂದರು. ತಪ್ಪು ಅವರದಲ್ಲ. ಕೇಳಬೇಕಾದವನು ನಾನು.

ಸಂಬಂಧ ಏನು

ಚರ್ಮದಿಂದ ಶುರು ಮಾಡುತ್ತೇನೆ. ಚರ್ಮ ಅಂದರೆ ಗೋಡೆ. ಈ ಗೋಡೆಯನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನ್ ಇದೆ. ಅದರ ಜೀನ್‌ನಲ್ಲಿ ದೋಷ ಇರುವವರಿಗೆ ಎಕ್ಸಿಮಾ, ಅಂದರೆ ಈ ಹುಡುಗನಿಗಿದ್ದಂಥ ತುರಿಕೆಯ ಚರ್ಮರೋಗ, ಜಾಸ್ತಿ ಎಂಬುದು 2006ರಲ್ಲಿ ಗೊತ್ತಾಯಿತು. ಗೋಡೆ ಬಿರುಕು ಬಿಟ್ಟರೆ ಮನೆಯ ದೂಳಲ್ಲಿರುವ ಕಣಗಳು, ಆಹಾರದ ಕಣಗಳು ಚರ್ಮದ ಮೂಲಕ ಒಳಗೆ ನುಸುಳುತ್ತವೆ. ಹೊಟ್ಟೆಯ ಮೂಲಕ ಬಂದ ಆಹಾರವನ್ನು ದೇಹ ಸಾಮಾನ್ಯವಾಗಿ ನೆಂಟನಂತೆ ಕಾಣುತ್ತದೆ. ಬಿರುಕಿನಿಂದ ನುಸುಳಿದ್ದನ್ನು ಕಳ್ಳನಂತೆ ಕಾಣುತ್ತದೆ. ಅದನ್ನು ಹಿಡಿಯಲು ಐಜಿಇ ಎಂಬ ಪ್ರತಿಕಾಯ ತಯಾರಿಸಿಕೊಳ್ಳುತ್ತದೆ. ಆ ಐಜಿಇ ರಕ್ತದಲ್ಲಿ ಮೈಯೆಲ್ಲಾ ಓಡಾಡುತ್ತದೆ. ಹಾಗಾಗಿ ಚರ್ಮದಲ್ಲಿ ಶುರುವಾದ ಜಗಳ ಮೂಗಿಗೆ, ಕಣ್ಣಿಗೆ, ಶ್ವಾಸನಾಳಕ್ಕೆ ಹಬ್ಬಬಹುದು. ಕೈಮಗುವಿನಲ್ಲಿ ಎಕ್ಸಿಮಾ, ಆಮೇಲೆ ಆಹಾರದ ಅಲರ್ಜಿ, ಆಮೇಲೆ ಮೂಗು ಮತ್ತು ಉಬ್ಬಸ. ಇದನ್ನು 'ಅಟೋಪಿಕ್ ಮಾರ್ಚ್' ಎನ್ನುತ್ತಾರೆ.

ಆದರೆ ಎಕ್ಸಿಮಾ ಇರುವ ಮಗುವಿನ ತಂದೆ ತಾಯಿ ಇದನ್ನು ಓದಿ ಗಾಬರಿಯಾಗಬೇಡಿ. ಎಲ್ಲ ಮಕ್ಕಳೂ ಈ ದಾರಿಯಲ್ಲಿ ಸಾಲಾಗಿ ನಡೆಯುವುದಿಲ್ಲ. ಎಕ್ಸಿಮಾ ಬಂದು ಅಷ್ಟಕ್ಕೇ ನಿಂತುಹೋದ ಮಕ್ಕಳು ಬಹಳ. ಈ ಹುಡುಗ ಮಾತ್ರ ನಾಲ್ಕೂ ಮೆಟ್ಟಿಲು ತುಳಿದಿದ್ದ.

ಇನ್ನು ಮೂಗಿಗೂ ಎದೆಗೂ. ಮೂಗಿನ ಹೊಳ್ಳೆಯಿಂದ ಶ್ವಾಸಕೋಶದವರೆಗೆ ಇರುವುದು ಒಂದೇ ಕೊಳವೆ. ಒಳಗಿನ ಪದರವೂ ಬಹುಪಾಲು ಒಂದೇ ಥರದ್ದು. ಮೂಗು ಗಾಳಿಯನ್ನು ಸೋಸುತ್ತದೆ, ಬಿಸಿ ಮಾಡುತ್ತದೆ, ತೇವ ಮಾಡುತ್ತದೆ. ಮೂಗು ಕಟ್ಟಿದ ಮಗು ಬಾಯಲ್ಲಿ ಉಸಿರಾಡುತ್ತದೆ. ಆಗ ತಣ್ಣಗಿನ, ಒಣ, ದೂಳಿನ ಗಾಳಿ ನೇರ ಎದೆಗೆ ಹೋಗುತ್ತದೆ. ಆಸ್ತಮಾದ ನಾಳಕ್ಕೆ ಅಷ್ಟು ಸಾಕು. ಮೂಗಿನ ಉರಿಯೂತ ರಕ್ತದ ಮೂಲಕವೂ ಶ್ವಾಸನಾಳವನ್ನು ಕೆರಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ 1999ರಲ್ಲಿ ನಡೆದ ಕಾರ್ಯಾಗಾರದಿಂದ ಹುಟ್ಟಿದ, ಮೂಗಿನ ಅಲರ್ಜಿಯ 'ಆರಿಯಾ' ಮಾರ್ಗಸೂಚಿ 2001ರಲ್ಲಿ ಬಂತು. ಆಸ್ತಮಾ ಇರುವವರ ಮೂಗು ನೋಡಿ, ಮೂಗಿನ ಅಲರ್ಜಿ ಇರುವವರ ಎದೆ ನೋಡಿ ಎಂದು ಅದು ಅವತ್ತೇ ಹೇಳಿದೆ. ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

"ಬರೀ ಶೀತ ತಾನೆ" ಎನ್ನುವವರಿಗೆ ನಾನು ಮೆಲ್ಬರ್ನ್ ವಿಷಯ ಹೇಳುತ್ತೇನೆ. 2016ರ ನವೆಂಬರ್ 21ರ ಸಂಜೆ ಅಲ್ಲಿ ಗುಡುಗಿನ ಬಿರುಗಾಳಿ ಬಂತು. ರೈ ಹುಲ್ಲಿನ ಪರಾಗ ಒಡೆದು ಸಣ್ಣ ಚೂರಾಗಿ ಗಾಳಿಯಲ್ಲಿ ತುಂಬಿತು. ಸಾವಿರಾರು ಜನ ಉಸಿರಾಡಲಾಗದೆ ಆಸ್ಪತ್ರೆಗೆ ಓಡಿದರು, ಹತ್ತು ಜನ ತೀರಿಕೊಂಡರು. ಹಾಗೆ ಓಡಿದವರಲ್ಲಿ ಎಷ್ಟೋ ಜನಕ್ಕೆ ಮೊದಲು ಆಸ್ತಮಾ ಇದೆ ಅಂತಲೇ ಗೊತ್ತಿರಲಿಲ್ಲ. ಅವರಿಗಿದ್ದದ್ದು ಮೂಗಿನ ಅಲರ್ಜಿ.

ಪರೀಕ್ಷೆ, ಮತ್ತು ಮೊಟ್ಟೆಯ ವಿಷಯ

ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರಿನ ಶಕ್ತಿ ಅಳೆಯುವ ಪರೀಕ್ಷೆ, ಮಾಡಿದೆವು. ಮೊದಲ ಒಂದು ಸೆಕೆಂಡಿನಲ್ಲಿ ಊದುವ ಗಾಳಿ, ಅಂದರೆ ಎಫ್‌ಇವಿ1, ಅವನ ವಯಸ್ಸು ಎತ್ತರಕ್ಕೆ ಇರಬೇಕಾದ್ದರಲ್ಲಿ ಶೇ 78 ಇತ್ತು. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಕೊಟ್ಟ ಮೇಲೆ ಶೇ 14ರಷ್ಟು ಏರಿತು. ಶೇ 12ಕ್ಕಿಂತ ಜಾಸ್ತಿ ಏರಿದರೆ ಆಸ್ತಮಾಗೆ ಹೊಂದುತ್ತದೆ. ಆಸ್ತಮಾ ಹೌದು, ಅದರಲ್ಲಿ ಅನುಮಾನ ಇರಲಿಲ್ಲ.

ಚರ್ಮದ ಚುಚ್ಚು ಪರೀಕ್ಷೆಗೆ ಮುಂಚೆ ಒಂದು ವಾರ ಅಲರ್ಜಿ ಮಾತ್ರೆ, ಸಿರಪ್ ನಿಲ್ಲಿಸಬೇಕು. ಇಲ್ಲದಿದ್ದರೆ ಫಲಿತಾಂಶ ಸುಳ್ಳು ಬರುತ್ತದೆ. ಎಕ್ಸಿಮಾ ಇಲ್ಲದ ಚರ್ಮದ ಮೇಲೆ ಅಲರ್ಜಿ ಬರಿಸುವ ವಸ್ತುಗಳ ಒಂದೊಂದು ಹನಿ ಇಟ್ಟು ಸಣ್ಣಗೆ ಚುಚ್ಚಿ, ಹದಿನೈದು ನಿಮಿಷ ಕಾದೆವು. ಕೆರೆದುಕೊಳ್ಳದೆ ಕೂರುವುದು ಒಂಬತ್ತು ವರ್ಷದವನಿಗೆ ಸುಲಭ ಅಲ್ಲ. ತಾಯಿ ಅವನ ಇನ್ನೊಂದು ಕೈ ಹಿಡಿದುಕೊಂಡೇ ಇದ್ದರು. ದೂಳಿನ ನುಸಿಗೆ 7 ಮಿ.ಮೀ. ಗುಳ್ಳೆ. ಕಡಲೆಕಾಯಿಗೆ 9. ಮೊಟ್ಟೆಗೆ 3. ಬೆಕ್ಕಿಗೆ ಏನೂ ಇಲ್ಲ.

"ಹಾಗಾದ್ರೆ ಮೊಟ್ಟೆ ಬಿಡಿಸ್ಬೇಕಾ?" ತಾಯಿ ಕೇಳಿದ ಮೊದಲ ಪ್ರಶ್ನೆ. ಹುಡುಗ ವಾರಕ್ಕೆ ಮೂರ್ನಾಲ್ಕು ಮೊಟ್ಟೆ ತಿನ್ನುತ್ತಿದ್ದ, ಒಂದು ದಿನವೂ ಏನೂ ಆಗಿರಲಿಲ್ಲ. ಬಿಡಿಸಬೇಡಿ ಅಂದೆ. ಇದನ್ನು ಬಿಡಿಸಿ ಹೇಳಲೇಬೇಕು. ಗುಳ್ಳೆ ಎದ್ದಿತು ಅಂದರೆ ದೇಹ ಆ ವಸ್ತುವನ್ನು ಗುರುತು ಹಿಡಿಯುತ್ತದೆ ಅಂತ ಅರ್ಥ, ಅಷ್ಟೇ. ತಿಂದರೆ ತೊಂದರೆ ಆಗುತ್ತದೆ ಅಂತಲ್ಲ. ತೊಂದರೆ ಆದ ಇತಿಹಾಸವೂ ಪರೀಕ್ಷೆಯೂ ಎರಡೂ ಹೊಂದಿದರೆ ಅದು ಅಲರ್ಜಿ. ಯಾವ ಪ್ರಶ್ನೆಯೂ ಕೇಳದೆ ಒಂದೇ ರಕ್ತದಲ್ಲಿ ಹತ್ತಾರು ಆಹಾರಗಳ ಪಟ್ಟಿ ಮಾಡಿಸಿ, ಬಂದ ಪ್ರತಿ ಪಾಸಿಟಿವ್‌ಗೂ ಒಂದೊಂದು ತಿಂಡಿ ಬಿಡಿಸಿ, ಬಡಕಲಾದ ಮಕ್ಕಳನ್ನು ನೋಡಿದ್ದೇನೆ. ಅದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಏನು ಮಾಡಿದೆವು

ಇನ್‌ಹೇಲರ್ ಡೋಸ್ ಏರಿಸಲಿಲ್ಲ. ಇದ್ದಷ್ಟೇ ಇರಲಿ ಎಂದು ಮೂಗಿಗೆ ಮೊಮೆಟಾಸೋನ್ ಎಂಬ ಸ್ಟಿರಾಯ್ಡ್ ಸ್ಪ್ರೇ ಸೇರಿಸಿದೆ. ದಿನಕ್ಕೊಮ್ಮೆ, ಒಂದೊಂದು ಹೊಳ್ಳೆಗೆ ಒಂದೊಂದು ಸಲ. ಅದಕ್ಕೂ ಮುಂಚೆ ಉಪ್ಪು ನೀರಿನಿಂದ ಮೂಗು ತೊಳೆಯುವುದು.

ಸ್ಪ್ರೇ ಹಾಕುವ ರೀತಿಗೆ ಹತ್ತು ನಿಮಿಷ ಕೊಟ್ಟೆ. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ತಲೆ ಹಿಂದಕ್ಕೆ ವಾಲಿಸಿ, ಮೂಗಿನ ನಡುಗೋಡೆಗೆ ಒತ್ತಿ, ಜೋರಾಗಿ ಎಳೆದುಕೊಳ್ಳುತ್ತಾರೆ. ಔಷಧಿ ಗಂಟಲಿಗೆ ಇಳಿಯುತ್ತದೆ, ನಡುಗೋಡೆ ಒಣಗಿ ರಕ್ತ ಬರುತ್ತದೆ, ಆಮೇಲೆ "ಸ್ಪ್ರೇ ಆಗಲ್ಲ" ಅಂತ ಬಿಟ್ಟುಬಿಡುತ್ತಾರೆ. ಹುಡುಗನಿಗೆ ಹೇಳಿದೆ: ತಲೆ ಸ್ವಲ್ಪ ಮುಂದಕ್ಕೆ ಬಾಗಿಸು. ಬಲಗೈಯಿಂದ ಎಡ ಹೊಳ್ಳೆ, ಎಡಗೈಯಿಂದ ಬಲ ಹೊಳ್ಳೆ. ತುದಿ ನಿನ್ನ ಕಿವಿಯ ಕಡೆ ನೋಡುತ್ತಿರಲಿ. ಒತ್ತಿದ ಮೇಲೆ ಹೂವು ಮೂಸಿದಷ್ಟು ಉಸಿರು ತಗೋ, ಸಾಕು. ಬಾಯಲ್ಲಿ ಕಹಿ ಬಂದರೆ ದಾರಿ ತಪ್ಪಿದೆ ಅಂತ ಲೆಕ್ಕ. ಎರಡು ವಾರ ಬಿಡದೆ ಹಾಕಿದರೇ ಪೂರ್ತಿ ಗುಣ ಕಾಣುವುದು ಅಂತಲೂ ಹೇಳಿದೆ. ಮೂರು ದಿನಕ್ಕೆ ನಿಲ್ಲಿಸಿಬಿಡುವ ಮನೆಗಳು ಬಹಳ.

ಶೀತದ ಸಿರಪ್ ನಿಲ್ಲಿಸಿದೆ. ಅದು ಹಳೆಯ ಪೀಳಿಗೆಯ ಅಲರ್ಜಿ ಔಷಧಿ, ನಿದ್ದೆ ಬರಿಸುವಂಥದ್ದು. ತರಗತಿಯಲ್ಲಿ ತೂಕಡಿಸುತ್ತಾನೆ ಎಂಬ ದೂರಿಗೆ ಅದೂ ಒಂದು ಕಾರಣ. ಕಣ್ಣಿನ ತುರಿಕೆಗೆ ಬೇಕಾದಾಗ ಮಾತ್ರ ಸೆಟ್ರಿಜಿನ್ ಬರೆದೆ.

ಚೀಟಿಯಲ್ಲಿ ಮಾಂಟೆಲುಕಾಸ್ಟ್ ಮಾತ್ರೆಯೂ ಇತ್ತು, ಬೇರೆ ಕಡೆ ಕೊಟ್ಟದ್ದು. ಮೂಗಿಗೂ ಎದೆಗೂ ಒಂದೇ ಮಾತ್ರೆ ಅಂತ ಅಪ್ಪ ಅಮ್ಮಂದಿರಿಗೆ ಇಷ್ಟವಾಗುತ್ತದೆ. ಕೆಲವು ಮಕ್ಕಳಿಗೆ ಅದರಿಂದ ಗುಣವೂ ಇದೆ. ಆದರೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲಿ ಅದರ ಮೇಲೆ ಅತಿ ಗಂಭೀರ ಮಟ್ಟದ ಎಚ್ಚರಿಕೆ ಹಾಕಿಸಿತು. ಕೆಟ್ಟ ಕನಸು, ಸಿಟ್ಟು, ಮಂಕು, ಆತ್ಮಹತ್ಯೆಯ ಯೋಚನೆಯವರೆಗೆ ಮನಸ್ಸಿನ ಮೇಲೆ ಪರಿಣಾಮ ಆಗಬಹುದು ಎಂದು. ಹುಡುಗ ಹೇಗಿದ್ದಾನೆ ಅಂತ ಕೇಳಿದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲ್ಕು ತಿಂಗಳಿಂದ ರಾತ್ರಿ ಕಿರುಚಿಕೊಂಡು ಏಳ್ತಾನೆ. ಮೊದಲು ಹೀಗಿರ್ಲಿಲ್ಲ" ಎಂದರು. ಮಾತ್ರೆ ಶುರುವಾಗಿದ್ದು ಐದು ತಿಂಗಳ ಹಿಂದೆ. ಅವತ್ತೇ ನಿಲ್ಲಿಸಿದೆವು. ಎರಡು ವಾರದಲ್ಲಿ ಕಿರುಚಾಟ ನಿಂತಿತು.

ಚರ್ಮಕ್ಕೆ ಸ್ನಾನವಾದ ಕೂಡಲೇ, ಮೈ ಇನ್ನೂ ತೇವ ಇರುವಾಗಲೇ ಮಾಯಿಶ್ಚರೈಸರ್ ಧಾರಾಳವಾಗಿ. ಕೆಂಪಾದ ಕಡೆ ಮಾತ್ರ ಸ್ಟಿರಾಯ್ಡ್ ಮುಲಾಮು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅವರದೇ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಹೆದರಿಕೊಂಡು ಸಾಸಿವೆಯಷ್ಟು ಹಚ್ಚಿದರೆ ತುರಿಕೆ ನಿಲ್ಲುವುದಿಲ್ಲ, ಡಬ್ಬಿ ಮಾತ್ರ ತಿಂಗಳುಗಟ್ಟಲೆ ಓಡುತ್ತದೆ. ಆದರೆ ಎದೆಗೆ, ಮೂಗಿಗೆ, ಚರ್ಮಕ್ಕೆ ಮೂರು ಕಡೆ ಸ್ಟಿರಾಯ್ಡ್ ಹೋಗುತ್ತಿರುವಾಗ ಒಟ್ಟು ಲೆಕ್ಕ ಯಾರಾದರೂ ಒಬ್ಬರು ಇಡಬೇಕು. ಆ ಕೆಲಸ ನಾನು ವಹಿಸಿಕೊಂಡೆ. ಸ್ಟಿರಾಯ್ಡ್ ಜಾಸ್ತಿಯಾದರೆ ಬೆಳವಣಿಗೆ ಕುಂಠಿತವಾಗಬಹುದು, ಅದಕ್ಕೇ ಪ್ರತಿ ಭೇಟಿಯಲ್ಲಿ ಎತ್ತರ ಅಳೆದು ಬರೆದಿಟ್ಟೆ.

ದೂಳಿನ ನುಸಿ ಕಣ್ಣಿಗೆ ಕಾಣುವುದಿಲ್ಲ. ಮಿಲಿಮೀಟರಿನ ಕಾಲು ಭಾಗದಷ್ಟು ಜೀವ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ಅಲರ್ಜಿ ಬರಿಸುವುದು ಮುಖ್ಯವಾಗಿ ಅದರ ಹಿಕ್ಕೆ. ಹಾಸಿಗೆ, ದಿಂಬು, ಬಟ್ಟೆಯ ಗೊಂಬೆ ಅದರ ಮನೆ. "ಮಲಗುವಾಗ ಜೊತೆಗೆ ಏನಾದರೂ ಇಟ್ಟುಕೊಳ್ತೀಯಾ?" ಅಂತ ಕೇಳಿದಾಗ ಹುಡುಗ ತಾಯಿಯ ಮುಖ ನೋಡಿದ. ಒಂದು ಬಟ್ಟೆಯ ಮೊಲ ಇದೆ. ಮೂರನೇ ವರ್ಷದಿಂದ ಅದರ ಹೊಟ್ಟೆಗೆ ಮೂಗೊತ್ತಿಕೊಂಡೇ ಮಲಗುವುದು. ಒಂದು ಸಲವೂ ಒಗೆದಿಲ್ಲ, ವಾಸನೆ ಹೋಗುತ್ತದೆ ಅಂತ ಅಳುತ್ತಾನಂತೆ.

ಮೊಲವನ್ನು ಎಸೆಯಬೇಡಿ ಅಂದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಂದು ದಿನ ಫ್ರೀಜರ್‌ನಲ್ಲಿಟ್ಟರೆ ನುಸಿ ಸಾಯುತ್ತದೆ. ಆಮೇಲೆ ಒಗೆಯಬೇಕು, ಸತ್ತ ನುಸಿಯೂ ಹಿಕ್ಕೆಯೂ ಅಲ್ಲೇ ಉಳಿದಿರುತ್ತವಲ್ಲ. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆಯುವುದು, ಹಾಸಿಗೆ ದಿಂಬಿಗೆ ನುಸಿ ತಡೆಯುವ ಕವರ್. ಇದರಲ್ಲಿ ಯಾವುದೋ ಒಂದನ್ನು ಮಾತ್ರ ಮಾಡಿದರೆ ಹೆಚ್ಚಿನ ಗುಣ ಕಾಣುವುದಿಲ್ಲ. ಮಾಡಿದರೆ ಎಲ್ಲವನ್ನೂ ಒಟ್ಟಿಗೇ ಮಾಡಬೇಕು.

ಕಡಲೆಕಾಯಿ

ಇದಕ್ಕೆ ಬೇರೆಯೇ ಒಂದು ದಿನ ಕರೆಸಿದೆ. ತಂದೆಯನ್ನೂ ಬರಲು ಹೇಳಿದೆ. ಆಹಾರದ ಅಲರ್ಜಿ ಇರುವ ಮಗುವಿಗೆ ಹತೋಟಿ ತಪ್ಪಿದ ಆಸ್ತಮಾವೂ ಇದ್ದರೆ, ಅನಾಫಿಲಾಕ್ಸಿಸ್, ಅಂದರೆ ಮೈಯೆಲ್ಲಾ ಒಮ್ಮೆಗೇ ಕೆರಳುವ ತೀವ್ರ ಅಲರ್ಜಿ, ಬಂದಾಗ ಜೀವಕ್ಕೆ ಅಪಾಯ ಜಾಸ್ತಿ. ಮೊದಲ ಸಲ ದದ್ದು, ವಾಂತಿಯಲ್ಲಿ ಮುಗಿದಿತ್ತು ಅಂದರೆ ಮುಂದಿನ ಸಲವೂ ಹಾಗೇ ಮುಗಿಯುತ್ತದೆ ಅಂತೇನಿಲ್ಲ.

ಇನ್ನೊಂದು ಅಪಾಯವನ್ನು ಎರಡೆರಡು ಸಲ ಹೇಳಿದೆ. ಆಸ್ತಮಾ ಇರುವ ಮಗುವಿಗೆ ಉಸಿರು ಕಟ್ಟಿದರೆ ಮನೆಯವರ ಕೈ ತಾನಾಗಿಯೇ ತಕ್ಷಣ ಉಸಿರು ಬಿಡಿಸುವ ನೀಲಿ ಇನ್‌ಹೇಲರ್‌ಗೆ ಹೋಗುತ್ತದೆ. ಕಡಲೆಕಾಯಿ ತಿಂದು ಉಸಿರು ಕಟ್ಟಿದಾಗಲೂ ಹಾಗೇ ಮಾಡಿದರೆ ಅಮೂಲ್ಯ ನಿಮಿಷಗಳು ಹೋಗುತ್ತವೆ. ತಿಂದ ಸ್ವಲ್ಪ ಹೊತ್ತಿಗೆ ದದ್ದು ಅಥವಾ ತುಟಿ ಊತದ ಜೊತೆ ಉಬ್ಬಸ, ದನಿ ಒಡೆಯುವುದು, ಮತ್ತೆ ಮತ್ತೆ ವಾಂತಿ, ತಲೆ ಸುತ್ತು, ಇವುಗಳಲ್ಲಿ ಯಾವುದು ಬಂದರೂ ಮೊದಲು ಅಡ್ರಿನಲಿನ್ ಚುಚ್ಚುಮದ್ದು. ತೊಡೆಯ ಹೊರಭಾಗದ ಮಧ್ಯಕ್ಕೆ, ಸ್ನಾಯುವಿಗೆ. ಕೆಜಿಗೆ 0.01 ಮಿಲಿಗ್ರಾಂ, ಅಂದರೆ ಇವನಿಗೆ 0.26 ಮಿಲಿಗ್ರಾಂನ ಹತ್ತಿರ. ಆಮೇಲೆ ಇನ್‌ಹೇಲರ್. ಮಲಗಿಸಿ ಕಾಲು ಎತ್ತರಿಸಿಡಿ, ಉಸಿರಾಟ ಕಷ್ಟ ಆದರೆ ಕೂರಿಸಿ, ಎದ್ದು ಓಡಾಡಲು ಮಾತ್ರ ಬಿಡಬೇಡಿ. ಗುಣವಾದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಅಲರ್ಜಿ ಸಿರಪ್ ತುರಿಕೆ ಕಮ್ಮಿ ಮಾಡುತ್ತದೆ, ಜೀವ ಉಳಿಸುವುದಿಲ್ಲ.

ತಂದೆಯ ಕೈಗೆ ಅಡ್ರಿನಲಿನ್ ಚುಚ್ಚುವ ಪೆನ್ನಿನ ಸೂಜಿಯಿಲ್ಲದ ಅಭ್ಯಾಸದ ಮಾದರಿ ಕೊಟ್ಟು ನನ್ನ ತೊಡೆಗೇ ಒತ್ತಿ ತೋರಿಸಲು ಹೇಳಿದೆ. ಕೈ ನಡುಗುತ್ತಿತ್ತು. ಐದು ಸಲ ಮಾಡಿದ ಮೇಲೆ ನಡುಕ ನಿಂತಿತು. ಹುಡುಗನೂ ಮಾಡಿದ. ಬರೆದ ಯೋಜನೆಯ ಒಂದು ಪ್ರತಿ ಶಾಲೆಗೆ ಹೋಯಿತು.

ಆಮೇಲೆ

ಮೂರನೇ ವಾರ ಬಂದಾಗ ಬಾಯಿ ಮುಚ್ಚಿಕೊಂಡು ಕೂತಿದ್ದ. ರಾತ್ರಿ ಕೆಮ್ಮು ವಾರಕ್ಕೆ ಒಂದು ದಿನಕ್ಕೆ ಇಳಿದಿತ್ತು. ಆಗ ನನಗೆ ಖಚಿತವಾಯಿತು. ಹತ್ತು ತಿಂಗಳು ನಾನು ಆಸ್ತಮಾದ ಕೆಮ್ಮು ಎಂದು ಲೆಕ್ಕ ಹಾಕಿದ್ದರಲ್ಲಿ ಅರ್ಧಕ್ಕೂ ಜಾಸ್ತಿ ಗಂಟಲಿಗಿಳಿಯುವ ಸಿಂಬಳದ ಕೆಮ್ಮು. ಅದಕ್ಕೆ ಎದೆಯ ಡೋಸ್ ಏರಿಸಿದ್ದೆ.

ಮೂರು ತಿಂಗಳಿಗೆ ಎಫ್‌ಇವಿ1 ಶೇ 91. ಗೊರಕೆ ಕಮ್ಮಿಯಾಗಿತ್ತು. ತಾಯಿ ಮೊದಲು ತಂದಿದ್ದ ನಿದ್ದೆಯ ವಿಡಿಯೋ, ಹೊಸ ವಿಡಿಯೋ ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದರು. ಇನ್ನೂ ಮೂರು ತಿಂಗಳು ಕಾದು ಬುಡೆಸೊನೈಡ್ ಮತ್ತೆ 200ಕ್ಕೆ ಇಳಿಸಿದೆ. ವರ್ಷದಲ್ಲಿ ಒಂದು ಸಲ, ವೈರಲ್ ಜ್ವರ ಬಂದಾಗ ಮಾತ್ರ ನೆಬ್ಯುಲೈಸರ್ ಬೇಕಾಯಿತು. ಎತ್ತರ ಬೆಳವಣಿಗೆಯ ನಕ್ಷೆಯಲ್ಲಿ ತನ್ನ ಗೆರೆಯಲ್ಲೇ ಸಾಗಿದೆ. ಆಸ್ತಮಾ ಹತೋಟಿಯಲ್ಲಿ ಇರುವುದರಿಂದ ನುಸಿಯ ಅಲರ್ಜಿಗೆ ನಾಲಿಗೆಯಡಿ ಇಡುವ ಇಮ್ಯುನೋಥೆರಪಿ, ಅಂದರೆ ಆ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆ, ಇದರ ಬಗ್ಗೆ ಮಾತಾಡಿದ್ದೇವೆ. ಸುಮಾರು ಮೂರು ವರ್ಷ ಬಿಡದೆ ಮಾಡಬೇಕಾದ್ದು, ಮನೆಯವರು ಯೋಚಿಸುತ್ತಿದ್ದಾರೆ. ಮಂಡಿಯ ಹಿಂದಿನ ಎಕ್ಸಿಮಾ ಇನ್ನೂ ಆಗಾಗ ಕೆರಳುತ್ತದೆ.

ಕಳೆದ ಭೇಟಿಯಲ್ಲಿ ತಾಯಿಯ ತೋಳಲ್ಲಿ ಐದು ತಿಂಗಳ ತಂಗಿ ಇದ್ದಳು. ಕೆನ್ನೆ ಕೆಂಪಾಗಿ ಒಸರುತ್ತಿತ್ತು, ಅಣ್ಣನಿಗೆ ಶುರುವಾದ ಹಾಗೇ. "ಇವಳಿಗೆ ಕಡಲೆಕಾಯಿ ಮುಟ್ಟಿಸೋದೇ ಬೇಡ ಅಲ್ವಾ ಡಾಕ್ಟ್ರೇ?" ಎಂದರು.

ಇಪ್ಪತ್ತು ವರ್ಷದ ಹಿಂದೆ ಆಗಿದ್ದರೆ ನಾವೂ ಹೌದು ಎನ್ನುತ್ತಿದ್ದೆವು. 2015ರಲ್ಲಿ ಬಂದ 'ಲೀಪ್' ಅಧ್ಯಯನ ಅದನ್ನು ತಿರುಗಿಸಿತು. ತೀವ್ರ ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ, ನಾಲ್ಕರಿಂದ ಹನ್ನೊಂದು ತಿಂಗಳ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಕಡಲೆಕಾಯಿ ಕೊಟ್ಟರು, ಉಳಿದರ್ಧಕ್ಕೆ ಕೊಡಲಿಲ್ಲ. ಐದನೇ ವರ್ಷಕ್ಕೆ ನೋಡಿದರೆ, ಕೊಡದವರಲ್ಲಿ ಶೇ 17.2 ಮಕ್ಕಳಿಗೆ ಅಲರ್ಜಿ, ಕೊಟ್ಟವರಲ್ಲಿ ಶೇ 3.2. ಆದರೆ ಇಂಥ ಎಕ್ಸಿಮಾ ಇರುವ ಕೂಸಿಗೆ ಮನೆಯಲ್ಲೇ ಸುಮ್ನೆ ಕೊಟ್ಟು ನೋಡುವ ಹಾಗಿಲ್ಲ, ಮೊದಲು ಪರೀಕ್ಷೆ ಆಗಬೇಕು. ಮಾಡಿದೆವು. ಗುಳ್ಳೆ ಏಳಲಿಲ್ಲ. ಮೊದಲ ತುತ್ತನ್ನು ನಮ್ಮ ಕ್ಲಿನಿಕ್‌ನಲ್ಲೇ ಕೊಟ್ಟೆವು, ನುಣ್ಣಗಿನ ಪೇಸ್ಟನ್ನು ನೀರಲ್ಲಿ ತೆಳುವಾಗಿ ಕಲಸಿ. ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಅದನ್ನು ಈ ವಯಸ್ಸಿಗೆ ಯಾವತ್ತೂ ಕೊಡಬಾರದು.

ಈಗ ಒಂದೇ ಮನೆಯಲ್ಲಿ ಒಬ್ಬನಿಗೆ ಕಡಲೆಕಾಯಿ ಸೋಕಲೂ ಬಾರದು, ಇನ್ನೊಬ್ಬಳು ವಾರಕ್ಕೆ ಮೂರು ಸಲ ತಿನ್ನಲೇಬೇಕು. ಅಣ್ಣ ಶಾಲೆಗೆ ಹೋದ ಮೇಲೆ ತಂಗಿಗೆ ತಿನ್ನಿಸುತ್ತಾರೆ. ಸೋಪು ಹಾಕಿ ಕೈ, ಮುಖ, ಮೇಜು ಎಲ್ಲ ತೊಳೆಯುತ್ತಾರೆ. ಅವಳ ಬಟ್ಟಲು ಚಮಚಕ್ಕೆ ಬೇರೆ ಡಬ್ಬಿ ಇದೆ. ಮುಚ್ಚಳದ ಮೇಲೆ "ನನ್ನದಲ್ಲ" ಅಂತ ಹುಡುಗನೇ ಮಾರ್ಕರ್‌ನಲ್ಲಿ ದಪ್ಪಗೆ ಬರೆದಿದ್ದಾನೆ.